ಮೊದಲ ಆರ್‌ಸಿ ರೇಸ್ ಕಾರಿಗೆ ಯಾವ ಮೋಟಾರ್? ದಾವಣಗೆರೆ, ದುರ್ಗದವರ ಅನುಭವ ಬೇಕು

ನಿಟುವಳ್ಳಿ, ದಾವಣಗೆರೆ (ಪ್ರಶ್ನೆ):
ತಮ್ಮನಿಗೆ ಟಾಮಿಯಾ ಟಿಟಿ-02 ಕಿಟ್ (ಬಿಡಿಭಾಗ ಜೋಡಿಸಿ ಓಡಿಸೋ ರಿಮೋಟ್ ಕಾರು) ಜೋಡಿಸ್ತಾ ಇದ್ದೀವಿ. ಓಡಿಸೋದು ಹೊಸ ಲೇಔಟಿನ ಖಾಲಿ ಡಾಂಬರು ರಸ್ತೇಲಿ, ಬ್ಯಾಟರಿ 2ಎಸ್ ಲಿಪೊ (ಎರಡು ಸೆಲ್ಲಿನ ಲಿಥಿಯಂ). ಕಿಟ್ ಜೊತೆ ಬಂದ ಬ್ರಷ್ ಇರೋ 540 ಮೋಟಾರೇ ಇರ್ಲಾ, ಬ್ರಷ್‌ಲೆಸ್ ಹಾಕಿಸ್ಲಾ? ಮೋಟಾರ್, ಇಎಸ್‌ಸಿ (ವೇಗ ನಿಯಂತ್ರಕ) ಎರಡೂ ಸೇರಿ 5,000 ರೂಪಾಯಿ ಒಳಗೆ ಮುಗೀಬೇಕು.

ಎಂ.ಸಿ.ಸಿ. ಬಿ ಬ್ಲಾಕ್, ದಾವಣಗೆರೆ:
ಕಿಟ್ಟಿನ 540 ಬಿಚ್ಚಬೇಡ್ರಿ. ನನ್ನ ಖರ್ಚು ಪೈಸೆ ಪೈಸೆ ಬರೆದಿಟ್ಟಿದೀನಿ: ಹಾಬಿವಿಂಗ್ 1060 ಇಎಸ್‌ಸಿ (ಬ್ರಷ್ ಮೋಟಾರಿಗೆ ಮಾತ್ರ) 1,950, 1150 ಬೇರಿಂಗ್ ಸೆಟ್ 700, ಸ್ಪೇರ್ 540 ಒಂದಕ್ಕೆ 600, 23 ಮತ್ತು 25 ಹಲ್ಲಿನ ಪಿನಿಯನ್ (ಮೋಟಾರ್ ಶಾಫ್ಟಿನ ಸಣ್ಣ ಗೇರ್) 550, ಕೊರಿಯರ್ 180. ಒಟ್ಟು 3,980. ಕಿಟ್ಟಿನ ಬುಷ್ ತೆಗೆದು ಬೇರಿಂಗ್ ಹಾಕಿದ್ರೇನೇ ಕಾರು ಹಗುರಾಗಿ ಉರುಳ್ತದೆ, ಮೋಟಾರ್ ಬಿಸಿಯೂ ಇಳೀತದೆ. ಮೋಟಾರ್ ಬದಲಾಯಿಸೋ ಮಾತು ಆಮೇಲೆ.

ಜನ ಹೊಸ ಬ್ರಷ್ ಮೋಟಾರನ್ನ ನೇರವಾಗಿ ಪೂರ್ತಿ ಚಾರ್ಜ್ ಆದ 2ಎಸ್‌ನ 8.4 ವೋಲ್ಟಿಗೆ ಕೊಟ್ಟು ಓಡಿಸಿ, ಎರಡು ವಾರಕ್ಕೆ ಸತ್ತೋಯ್ತು ಅಂತ ಬೈತಾರೆ. ಮೊದಲು 1.5 ವೋಲ್ಟಿನ ಎರಡು ಸೆಲ್ ಸಾಲಾಗಿ ಜೋಡಿಸಿ 3 ವೋಲ್ಟಲ್ಲಿ, ಪಿನಿಯನ್ ಇಲ್ದೆ, ಐದು ನಿಮಿಷ ತಿರುಗಿಸ್ರಿ. ಬ್ರಷ್ಷಿನ ಮುಖ ಕಮ್ಯುಟೇಟರಿನ (ಬ್ರಷ್ ತಾಗಿ ತಿರುಗೋ ತಾಮ್ರದ ಭಾಗ) ದುಂಡಿಗೆ ಸರಿಯಾಗಿ ಕೂರ್ತದೆ. ಮೋಟಾರಿನ ಎರಡೂ ತುದಿಯ ಬುಷ್‌ಗೆ ಒಂದೊಂದು ಹನಿ ಎಣ್ಣೆ, ಅಷ್ಟೇ. ಕಮ್ಯುಟೇಟರಿಗೆ ಎಣ್ಣೆ ಬಿತ್ತೋ, ಇಂಗಾಲದ ಪುಡಿ ಜೊತೆ ಕಲಸಿ ಸಂದಿಗಳಲ್ಲಿ ಕಪ್ಪು ಮಸಿ ಕಟ್ಕೊಂಡು ಶಾರ್ಟ್ ಆಗ್ತದೆ.

1060 ಮೇಲೆ ಬ್ಯಾಟರಿ ಬಗೆ ಆರಿಸೋ ಸಣ್ಣ ಜಂಪರ್ ಐತೆ. ಅದು ಲಿಪೊ ಕಡೆ ಇರ್ಬೇಕು. ಇಲ್ದಿದ್ರೆ ಕಟ್‌ಆಫ್ (ಚಾರ್ಜ್ ಇಳಿದಾಗ ತಾನೇ ನಿಲ್ಲಿಸೋದು) ತಡವಾಗಿ ಬಂದು ಬ್ಯಾಟರಿ ಉಬ್ತದೆ.

ತುರುವನೂರು ರಸ್ತೆ, ಚಿತ್ರದುರ್ಗ:
ಬ್ರಷ್ ಮೋಟಾರ್ ಮೇಲೆ ಒಂದು ರೂಪಾಯಿ ಹಾಕಿದ್ರೂ ದಂಡ. ಬಂದದ್ದನ್ನ ಓಡಿಸ್ಲಿ, ಸ್ಪೇರ್ ಯಾಕೆ? ಡಬ್ಬಿ ಮುಚ್ಚಿರೋ ಮೋಟಾರ್ ಅದು, ಬ್ರಷ್ ಸವೆದ್ರೆ ಬದಲಾಯಿಸೋಕೂ ಬರಲ್ಲ. ನಮ್ಮ ದುರ್ಗದ ಗಾಳೀಲಿ ಹಾರೋ ಕಲ್ಲುಪುಡಿ ಗಾಳಿತೂತಲ್ಲಿ ಹೊಕ್ಕರೆ ಕಮ್ಯುಟೇಟರ್ ಅರಕ್ಕೆ ಕೊಟ್ಟಂಗೆ ಗೀರುಬೀಳ್ತೈತೆ.

ನಾನು ಹಾಕಿರೋದು 3650 ಅಳತೆಯ 3300 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 3300 ಸುತ್ತು) ಬ್ರಷ್‌ಲೆಸ್, ಸೆನ್ಸರ್ ಇಲ್ಲದ್ದು, 60 ಆಂಪ್ ಇಎಸ್‌ಸಿ ಜೊತೆ 4,700. ಲೆಕ್ಕ ನೋಡಿ: 3300ನ್ನ 2ಎಸ್ ಬ್ಯಾಟರಿಯ 7.4 ವೋಲ್ಟಿಂದ ಗುಣಿಸಿದ್ರೆ 24,420 ಆರ್‌ಪಿಎಂ. ಟಿಟಿ-02ರಲ್ಲಿ 70 ಹಲ್ಲಿನ ಸ್ಪರ್ (ಪಿನಿಯನ್ ತಿರುಗಿಸೋ ದೊಡ್ಡ ಗೇರ್), 22ರ ಪಿನಿಯನ್, ಒಳಗಿನ ಅನುಪಾತ 2.6, ಎಲ್ಲಾ ಸೇರಿ 8.27. ಟೈರು 64 ಮಿಮೀ ಅಂದ್ರೆ ಮೋಟಾರ್ ಒಂದು ಸುತ್ತಿಗೆ ಕಾರು 24.3 ಮಿಮೀ ಹೋಗ್ತೈತೆ. ಗಂಟೆಗೆ 35 ಕಿಮೀ ಮೇಲೆ ಬಂತು. ಕಿಟ್ಟಿನ ಮೋಟಾರ್ 15,000 ಆರ್‌ಪಿಎಂ ಹಿಡಿದ್ರೂ 22 ಕಿಮೀ.

ಕಷ್ಟವೂ ಹೇಳ್ತೀನಿ. ಮೋಟಾರ್ ಬಿಸಿಗೆ ಪ್ಲಾಸ್ಟಿಕ್ ಮೌಂಟ್ ಮೆತ್ತಗಾಗಿ ಪಿನಿಯನ್ ಸರಿದು ಸ್ಪರ್ ಹಲ್ಲು ತಿಂದು ಹಾಕ್ತು. ಅಲ್ಯುಮಿನಿಯಂ ಮೌಂಟಿಗೆ 950. ಅದಕ್ಕೆ ಕೈಗೆ ಸಿಕ್ಕ ಎಂ3 ಸ್ಕ್ರೂ ಹಾಕಿದ್ದಕ್ಕೆ ಉದ್ದ ಜಾಸ್ತಿಯಾಗಿ ಒಳಗಿನ ವೈಂಡಿಂಗಿಗೆ ತಾಗಿ ಒಂದು ಮೋಟಾರೇ ಹೋಯ್ತು, ಇನ್ನೊಂದಕ್ಕೆ 2,300. ಸ್ಕ್ರೂ ಬಿಗಿಯೋಕೆ ಮುಂಚೆ ಮೌಂಟಿನ ದಪ್ಪ ಅಳೆದು, ಒಳಗೆ ಎಷ್ಟು ಇಳೀತೈತೆ ಅಂತ ನೋಡ್ಲೇಬೇಕು.

ಎಂ.ಸಿ.ಸಿ. ಬಿ ಬ್ಲಾಕ್, ದಾವಣಗೆರೆ:
ನಿಮ್ಮದೇ ಲೆಕ್ಕ ಕೂಡ್ರಿ ಸಾರ್: 4,700, 950, 2,300. ಅಲ್ಲಿಗೆ 7,950. ಕೇಳಿದವರು ಐದು ಸಾವಿರ ಅಂತ ಸ್ಪಷ್ಟ ಬರ್ದಿದಾರೆ. ಸ್ಟೀರಿಂಗ್ ಕಲಿಯೋ ಹುಡುಗನಿಗೆ 35 ಕಿಮೀ ಕೊಟ್ರೆ ಮೊದಲ ದಿನವೇ ಚರಂಡಿ ಕಲ್ಲಿಗೆ ಹೊಡೆದು ಮುಂದಿನ ಸಸ್ಪೆನ್ಷನ್ ಆರ್ಮ್ ಮುರೀತಾನೆ.

ಹರಿಹರ:
ಇಬ್ಬರೂ ಮುಖ್ಯ ವಿಷಯ ಬಿಟ್ರಿ. ಸೆನ್ಸರ್ ಇಲ್ಲದ ಬ್ರಷ್‌ಲೆಸ್ ನಿಂತಲ್ಲಿಂದ ಹೊರಡುವಾಗ ರೋಟರ್ ಎಲ್ಲೈತಿ ಅಂತ ಇಎಸ್‌ಸಿಗೆ ಗೊತ್ತಾಗಲ್ಲ, ಅದಕ್ಕೇ ಗಕ್ ಗಕ್ ಅಂತ ಜಗ್ತೈತಿ. ತಿರುವಿನಲ್ಲಿ ನಿಧಾನ ಮಾಡಿ ಮತ್ತೆ ಎತ್ತೋದು ಹೊಸಬರಿಗೆ ಅದರಲ್ಲಿ ಬರಲ್ಲ. ನಂದು 17.5 ಟರ್ನ್ (ತಂತಿ ಸುತ್ತು; ಕಮ್ಮಿ ಇದ್ದಷ್ಟೂ ವೇಗ ಜಾಸ್ತಿ) ಸೆನ್ಸರ್ಡ್, ಮೋಟಾರ್ 3,400, ಇಎಸ್‌ಸಿ 4,200. ರೇಸ್ ಅಂದ್ಮೇಲೆ ಅದೇ.

ಒಂದು ಎಚ್ಚರಿಕೆ. ಕಾರು ಹಿಂದಕ್ಕೆ ಓಡಿದ್ರೆ, ಸೆನ್ಸರ್ ಇಲ್ಲದ್ದರಲ್ಲಿ ಮೂರರಲ್ಲಿ ಯಾವ ಎರಡು ವೈರ್ ಅದಲು ಬದಲು ಮಾಡಿದ್ರೂ ನಡೀತೈತಿ. ಸೆನ್ಸರ್ಡ್‌ನಲ್ಲಿ ಎ, ಬಿ, ಸಿ ಅದೇ ಕ್ರಮದಲ್ಲೇ ಇರ್ಬೇಕು, ದಿಕ್ಕನ್ನ ಇಎಸ್‌ಸಿ ಸೆಟ್ಟಿಂಗಲ್ಲಿ ಬದಲಾಯಿಸ್ಬೇಕು. ವೈರ್ ಬದಲಾಯಿಸಿ ಥ್ರಾಟಲ್ ಒತ್ತಿದ್ದಕ್ಕೆ ನನ್ನ ಮೊದಲ ಇಎಸ್‌ಸಿ ಹೊಗೆ ಬಿಡ್ತು. 4,200 ಎರಡು ಸಲ ಕೊಟ್ಟಿದೀನಿ.

ತುರುವನೂರು ರಸ್ತೆ, ಚಿತ್ರದುರ್ಗ:
17.5 ಟರ್ನ್ ಸುಮಾರು 2200 ಕೆವಿ. ಅದೇ 22ರ ಪಿನಿಯನ್ನಿಗೆ 24 ಕಿಮೀ ಕೂಡ ಬರಲ್ಲ. 7,600 ಕೊಟ್ಟು ಕಿಟ್ಟಿನ ಮೋಟಾರಿಗಿಂತ ಎರಡು ಕಿಮೀ ಜಾಸ್ತಿ?

ಹರಿಹರ:
25ರ ಪಿನಿಯನ್ ಹಾಕ್ರಿ, ಅನುಪಾತ 7.28, 27 ಕಿಮೀ ಬರ್ತೈತಿ. ಟಿಟಿ-02ರ ಗೇರ್ ಪೆಟ್ಟಿಗೇಲಿ 17.5ಕ್ಕೆ ಬೇಕಾದಷ್ಟು ಎತ್ತರದ ಗೇರ್ ಸಿಗಲ್ಲ, ಒಪ್ತೀನಿ. ಹಂಗಂತ 13.5 ಟರ್ನ್ ಸೆನ್ಸರ್ಡ್ ತಗೊಳ್ಳಿ ಅಂದ್ರೆ ಅರ್ಥ ಐತಿ. ಸೆನ್ಸರೇ ಬೇಡ ಅನ್ನೋದು ತಪ್ಪು.

ಭರಮಸಾಗರ:
ಪಿನಿಯನ್ ದೊಡ್ಡದು ಮಾಡಿ ಅಂತ ಸುಲಭಕ್ಕೆ ಹೇಳ್ತೀರಿ. ಏಪ್ರಿಲ್ ಬಿಸಿಲಲ್ಲಿ ಏನಾಗ್ತೈತೆ ಅಂತ ಹೇಳಿ! ಹೊರಗಡೆನೇ 38 ಡಿಗ್ರಿ ಇರೋವಾಗ, ಚಳಿಗಾಲದಲ್ಲಿ 60ಕ್ಕೆ ನಿಲ್ತಿದ್ದ ಮೋಟಾರ್ 80ರ ಹತ್ರ ಹೋಗ್ತೈತೆ. 80 ದಾಟಿದ್ರೆ ಆಯಸ್ಕಾಂತದ ಶಕ್ತಿ ಕುಂದುತ್ತಾ ಹೋಗ್ತೈತೆ, ತಣ್ಣಗಾದ್ರೂ ಪೂರ್ತಿ ವಾಪಸ್ ಬರಲ್ಲ. ಹೊಸ ಪಿನಿಯನ್ ಹಾಕಿದಾಗ ಎರಡು ನಿಮಿಷ ಓಡಿಸಿ, ನಿಲ್ಲಿಸಿ, ಅಳೀಬೇಕು. ಮತ್ತೆ ಎರಡು ನಿಮಿಷ. ಬೇಸಿಗೇಲಿ ಒಂದೆರಡು ಹಲ್ಲು ಕಮ್ಮಿ ಪಿನಿಯನ್.

ಅಳೆಯೋಕೆ ಕೊರೊನಾ ಕಾಲದ ಹಣೆ ಥರ್ಮಾಮೀಟರ್ ಆಗಲ್ಲ, 42ರ ಆಸುಪಾಸಿಗೇ ಅದರ ಅಳತೆ ಮುಗೀತೈತೆ. ಕಾರ್ಖಾನೇಲಿ ಬಳಸೋ ಇನ್ಫ್ರಾರೆಡ್ ಗನ್ ಬೇಕು, ನನಗೆ 850ಕ್ಕೆ ಬಂತು. ಹೊಳೆಯೋ ಡಬ್ಬಿ ಮೇಲೆ ತಪ್ಪು ತೋರಿಸ್ತೈತೆ, ಕಪ್ಪು ಟೇಪಿನ ಚೂರು ಅಂಟಿಸಿ ಅಲ್ಲಿಗೆ ಹಿಡೀರಿ.

ಇನ್ನೊಂದು: ಪಿನಿಯನ್ 0.6 ಮಾಡ್ಯೂಲೇ (ಹಲ್ಲಿನ ಗಾತ್ರ) ಇರ್ಬೇಕು. 48 ಪಿಚ್ ನೋಡೋಕೆ ಹಂಗೇ ಇರ್ತೈತೆ, ಹಲ್ಲು ಮಾತ್ರ ಸಣ್ಣದು. ಹದಿನೈದು ನಿಮಿಷದಲ್ಲಿ ಸ್ಪರ್ ಬೋಳು. ಪಿನಿಯನ್ ಹಿಡಿಯೋ ಗ್ರಬ್ ಸ್ಕ್ರೂ (ತಲೆ ಇಲ್ಲದ ಸ್ಕ್ರೂ) ಶಾಫ್ಟಿನ ಚಪ್ಪಟೆ ಭಾಗದ ಮೇಲೇ ಕೂರಿಸಿ, ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲಾಗದಂಗೆ ಹಿಡಿಯೋ ಅಂಟು) ಒಂದು ತೊಟ್ಟು.

ನಿಟುವಳ್ಳಿ, ದಾವಣಗೆರೆ:
ಹಂಗಾದ್ರೆ ಸದ್ಯಕ್ಕೆ 540, 1060, ಬೇರಿಂಗ್. ಸರೀನಾ? ಮೋಟಾರ್ ಸುಟ್ಟರೆ ಇಲ್ಲೇ ಪಂಪ್‌ಸೆಟ್ ವೈಂಡಿಂಗ್ ಅಂಗಡೀಲಿ ಸುತ್ತಿಸ್ಬಹುದಾ?

ಎಂ.ಸಿ.ಸಿ. ಬಿ ಬ್ಲಾಕ್, ದಾವಣಗೆರೆ:
ಸರಿ. ಸುತ್ತಿಸೋದು ಬೇಡ. ಡಬ್ಬಿಯ ಮಡಿಕೆ ಬಿಡಿಸಿ ಮತ್ತೆ ಬಡಿದ್ರೆ ಮುಚ್ಚಳ ಓರೆ ಆಗ್ತದೆ, ಆರ್ಮೇಚರ್ ತೂಕ ಒಂದು ಕಡೆ ಜಾಸ್ತಿಯಾದ್ರೆ 15,000 ಆರ್‌ಪಿಎಂನಲ್ಲಿ ನಡುಗಿ ಬುಷ್ ತಿಂತದೆ. ಸುತ್ತೋ ಕೂಲೀಲಿ ಹೊಸದು ಬರ್ತದೆ.

ತುರುವನೂರು ರಸ್ತೆ, ಚಿತ್ರದುರ್ಗ:
ಆರು ತಿಂಗಳಿಗೆ ಬ್ರಷ್‌ಲೆಸ್ಸಿಗೇ ಬರ್ತೀರಿ, ಆಗ 1060 ಬದಿಗಿಡ್ಬೇಕು. ಅದರ 1,950 ಯಾರು ಕೊಡ್ತಾರೆ?

ಎಂ.ಸಿ.ಸಿ. ಬಿ ಬ್ಲಾಕ್, ದಾವಣಗೆರೆ:
ಕೆಲಸ ಮಾಡೋ 1060 ಆದ್ರೆ 1,200ಕ್ಕೆ ನಾನೇ ತಗೋತೀನಿ. ವೈರ್ ಮಾತ್ರ ಗಿಡ್ಡ ಕತ್ತರಿಸಿರಬಾರದು.