ತೈಲಬಾವಿಗಳ ಬಳಿ ಕಾವಲಿರುವ ಸೈನಿಕರಿಗೆ ಹವಾಮಾನ ಮತ್ತು ವಿಷಾನಿಲದ ಅಪಾಯ: ಪ್ರಶ್ನೋತ್ತರ

(ಶಿವಮೊಗ್ಗ ಜಿಲ್ಲೆಯ ಸೈನಿಕ ಕುಟುಂಬಗಳ ಗುಂಪು. ಉತ್ತರಿಸುವವರು ನಿವೃತ್ತ ಸೇನಾ ವೈದ್ಯರು.)

ತೀರ್ಥಹಳ್ಳಿಯ ಸದಸ್ಯೆ: ನಮಸ್ಕಾರ ಡಾಕ್ಟರೇ. ವಿದೇಶದಲ್ಲಿ ಶಾಂತಿಪಾಲನಾ ಪಡೆಯಲ್ಲಿರುವ ನನ್ನ ಮಗನ ಠಾಣೆಯು ತೈಲಬಾವಿಯೊಂದರ ಸಮೀಪದ ತಗ್ಗಿನಲ್ಲಿದೆ. ರಾತ್ರಿ ಕೊಳೆತ ಮೊಟ್ಟೆಯ ವಾಸನೆ ಬಂದು, ಸ್ವಲ್ಪ ಹೊತ್ತಿಗೆ ಹೋಗುತ್ತದಂತೆ. ಬೆಳಿಗ್ಗೆ ಕಣ್ಣುರಿ, ತಲೆನೋವು. ಹಗಲಿನಲ್ಲಿ ಏನೂ ಇಲ್ಲವಂತೆ.

ವೈದ್ಯರು: ಅಮ್ಮಾ, ಇಂದು ಬಂದ ಪ್ರಶ್ನೆಗಳಲ್ಲಿ ನನಗೆ ಕಳವಳ ತಂದದ್ದು ಇದೊಂದೇ. ವಾಸನೆ ಹೋಯಿತೆಂದರೆ ಅನಿಲ ಹೋಯಿತೆಂದಲ್ಲ. ಅದು ಕೊಳೆತ ಮೊಟ್ಟೆಯಂತೆ ನಾರುವ ವಿಷಾನಿಲ ಹೈಡ್ರೋಜನ್ ಸಲ್ಫೈಡ್ ಆಗಿದ್ದರೆ, ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಮಟ್ಟದಲ್ಲಿ ಕೆಲವೇ ನಿಮಿಷಗಳಲ್ಲಿ ಮೂಗು ಸೋಲುತ್ತದೆ. ಅದಕ್ಕಿಂತ ಕಡಿಮೆಯಿದ್ದರೂ ಹೊತ್ತು ಕಳೆದಂತೆ ವಾಸನೆ ತಿಳಿಯದಾಗುತ್ತದೆ. 500 ದಾಟಿದರೆ ಪ್ರಜ್ಞೆಯೇ ತಪ್ಪಬಹುದು. ಹಗಲಿನಲ್ಲಿ ಕಾದ ನೆಲವು ಗಾಳಿಯನ್ನು ಮೇಲೆಬ್ಬಿಸಿ ಅನಿಲವನ್ನು ಚದುರಿಸುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲ ಬೇಗ ತಣಿದು, ತಂಪು ಗಾಳಿ ಕೆಳಗೂ ಬೆಚ್ಚನೆಯ ಗಾಳಿ ಮೇಲೂ ನಿಲ್ಲುವುದರಿಂದ, ಗಾಳಿಗಿಂತ ಭಾರವಾದ ಈ ಅನಿಲ ಮೇಲೇರಲಾಗದೆ ತಗ್ಗಿನಲ್ಲೇ ಮಡುಗಟ್ಟುತ್ತದೆ. ಡಿಸೆಂಬರಿನ ಮುಂಜಾನೆ ನಿಮ್ಮೂರಿನ ತುಂಗೆಯ ಕಣಿವೆಯಲ್ಲಿ ಮಂಜು ಬಿಸಿಲೇರುವವರೆಗೆ ಕದಲದೆ ನಿಲ್ಲುವಂತೆ. ಮೆಕ್ಸಿಕೋದ ಪೋಜಾ ರಿಕಾದಲ್ಲಿ 1950ರ ನವೆಂಬರಿನಲ್ಲಿ ಇಂಥದೇ ಮಂಜಿನ ಬೆಳಗಿನ ಜಾವ ಅನಿಲ ಘಟಕದಿಂದ ಇದೇ ಹೈಡ್ರೋಜನ್ ಸಲ್ಫೈಡ್ ಸೋರಿದ್ದು ಅರ್ಧ ಗಂಟೆಯೊಳಗೆ ಮುಗಿದಿತ್ತು. ಸತ್ತವರು 22, ಆಸ್ಪತ್ರೆ ಸೇರಿದವರು 320. ಮಗನು ಇಂದೇ ಮೇಲಧಿಕಾರಿಗೆ ತಿಳಿಸಿ, 10 ಪಿಪಿಎಂಗೆ ಎಚ್ಚರಿಸುವ ಅನಿಲ ಮಾಪಕವನ್ನೂ, ಎತ್ತರದ ಮಲಗುವ ಜಾಗವನ್ನೂ ಕೇಳಲಿ. ಯಾರಾದರೂ ತಗ್ಗಿನಲ್ಲಿ ಕುಸಿದರೆ, ಸ್ವತಂತ್ರ ಉಸಿರಾಟದ ಸಿಲಿಂಡರ್ ಇಲ್ಲದೆ ನಿಮ್ಮ ಮಗನು ಅಲ್ಲಿಗೆ ಇಳಿಯಕೂಡದು. ಎತ್ತಲು ಹೋದವರೇ ಹೆಚ್ಚಾಗಿ ಎರಡನೆಯ ಹೆಣವಾಗುತ್ತಾರೆ.

ಹೊಸನಗರದ ಸದಸ್ಯರು: ಕರ್ಪೂರ, ಓಮದ ಗಂಟನ್ನು ಮೂಸಿದರೆ ವಿಷಗಾಳಿ ತಟ್ಟುವುದಿಲ್ಲವೆಂಬ ಸಂದೇಶ ಬಂದಿದೆ.

ವೈದ್ಯರು: ತಟ್ಟುತ್ತದೆ. ಇದ್ದ ವಾಸನೆಯ ಎಚ್ಚರಿಕೆಯೂ ಮುಚ್ಚಿಹೋಗುತ್ತದೆ.

ಭದ್ರಾವತಿಯ ಸದಸ್ಯರು: ಬೆಲ್ಲ ತಿಂದು, ಒದ್ದೆ ಬಟ್ಟೆ ಕಟ್ಟಿಕೊಂಡರೆ?

ವೈದ್ಯರು: ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಅನಿಲ ಶ್ವಾಸಕೋಶಕ್ಕೆ. ಬಟ್ಟೆ ಧೂಳನ್ನಷ್ಟೇ ತಡೆಯುತ್ತದೆ.

ಸಾಗರದ ಸದಸ್ಯರು: ಬಾವಿಗೆ ಬೆಂಕಿ ಬಿದ್ದರೆ ತಾನೇ ಅಪಾಯ? ಕುವೈತ್‌ನಲ್ಲಿ 1991ರಲ್ಲಿ 600ಕ್ಕೂ ಹೆಚ್ಚು ಬಾವಿಗಳು ಉರಿದವು.

ಶಿಕಾರಿಪುರದ ಸದಸ್ಯರು: ಬೆಂಕಿ ಹತ್ತಿದರೆ ಆ ಅನಿಲ ಸುಟ್ಟು ಸಲ್ಫರ್ ಡೈಆಕ್ಸೈಡ್ ಆಗುತ್ತದೆ, ಬಿಸಿಗೆ ಹೊಗೆ ಮೇಲೇರುತ್ತದೆ. ಉರಿಯದ ಬಾವಿಯೇ ಹೆಚ್ಚು ಅಪಾಯಕಾರಿ.

ಸಾಗರದ ಸದಸ್ಯರು: ಹಾಗಾದರೆ ಹೊಗೆ ಕುಡಿಯಿರಿ, ಬಿಡಿ.

ಶಿಕಾರಿಪುರದ ಸದಸ್ಯರು: ಓದಿ ಮಾತಾಡುವ ಅಭ್ಯಾಸವಿಲ್ಲದವರು ಸುಮ್ಮನಿರಬಹುದು.

ವೈದ್ಯರು: ಇಬ್ಬರೂ ನಿಲ್ಲಿಸಿ. ಚೀನಾದ ಚೋಂಗ್‌ಕಿಂಗ್ ಬಳಿ 2003ರ ಡಿಸೆಂಬರಿನಲ್ಲಿ ಉರಿಯದ ಬಾವಿಯ ಅನಿಲ 243 ಜನರನ್ನು ಕೊಂದಿತು, ಅನಿಲ ಸುಟ್ಟುಹೋಗಲೆಂದು ಮರುದಿನ ಬೇಕೆಂದೇ ಬೆಂಕಿ ಹಚ್ಚಿದರು. ಆದರೆ ಹೊಗೆಯೂ ನಿರಪಾಯವಲ್ಲ. ಇರಾಕಿನ ಮಿಶ್ರಾಕ್ ಗಂಧಕದ ಕಾರ್ಖಾನೆಗೆ 2016ರ ಅಕ್ಟೋಬರಿನಲ್ಲಿ ಬೆಂಕಿ ಇಟ್ಟಾಗ, ಗಾಳಿ ತಿರುಗಿದ್ದರಿಂದ ಹತ್ತಿರದ ಕಯಾರಾ ಸೇನಾನೆಲೆಯ ಸೈನಿಕರು ಮುಖವಾಡ ತೊಡಬೇಕಾಯಿತು.

ಸೊರಬದ ಸದಸ್ಯೆ: ಮಳೆ ಬಂದರೆ ಎಲ್ಲವೂ ತೊಳೆದುಹೋಗುತ್ತದಲ್ಲವೆ? ಅಂಗವೈಕಲ್ಯ ಪಿಂಚಣಿಯ ಬಗ್ಗೆಯೂ ತಿಳಿಸಿ.

ವೈದ್ಯರು: ಸಲ್ಫರ್ ಡೈಆಕ್ಸೈಡ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಹೈಡ್ರೋಜನ್ ಸಲ್ಫೈಡ್ ಅಷ್ಟು ಕರಗುವುದಿಲ್ಲ. ಮಳೆಯನ್ನು ನಂಬಿ ಕೂರಬೇಡಿ.

ಹೊಸನಗರದ ಸದಸ್ಯರು: ಕರ್ಪೂರದ ಸಂದೇಶವನ್ನು ಆಯುರ್ವೇದ ಬಲ್ಲವರೇ ಕಳುಹಿಸಿದ್ದು.

ವೈದ್ಯರು: ಮೇಲೆಯೇ ಉತ್ತರಿಸಿದ್ದೇನೆ. ತೀರ್ಥಹಳ್ಳಿಯ ಅಮ್ಮ, ರಾತ್ರಿ ಕಾವಲು ಮುಗಿಸಿ ಹೊರಗಿನಿಂದ ಬರುವವರಿಗೆ ಠಾಣೆಯೊಳಗೆ ವಾಸನೆ ಬಡಿಯುತ್ತದೆಯೇ ಎಂದು ಮಗನನ್ನು ಕೇಳಿ ತಿಳಿಸಿ. ಹೊರಗಿನಿಂದ ಬಂದವರ ಮೂಗು ಒಳಗಿದ್ದವರ ಮೂಗಿನಂತೆ ಸೋತಿರುವುದಿಲ್ಲ.

ಸಾಗರದ ಸದಸ್ಯರು: ಮರಳುಗಾಳಿ ಬೀಸಿದಾಗ ಏನಾಗುತ್ತದೆ?