ಸಹಾಯ ಬೇಕು: ಆಡಿಯೋಬುಕ್ ಕೇಳುವ ಹುಮ್ಮಸ್ಸು ಕುಗ್ಗುತ್ತಿದೆ, ಮುಂದೆ ಏನು ಕೇಳಲಿ?

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ ದಿನಾ ಒಂದು ಗಂಟೆಯಾದರೂ ಆಡಿಯೋಬುಕ್ ಕೇಳುತ್ತೇನೆ. ಕಣ್ಣಿಗೆ ಆಯಾಸವಾಗಿ ಪುಸ್ತಕ ಹಿಡಿಯುವುದು ಕಡಿಮೆಯಾದ ಮೇಲೆ ಇದೇ ನನ್ನ ಓದು. ಇದೂ ಬಿಟ್ಟುಹೋದರೆ ಎಂಬ ಆತಂಕ ಶುರುವಾಗಿದೆ.

ಈಚೆಗೆ ಒಂದರ ಹಿಂದೆ ಒಂದು ಐದು ಪತ್ತೇದಾರಿ ಕಾದಂಬರಿ ಕೇಳಿದೆ, ಐದೂ ಒಬ್ಬರದೇ ದನಿ. ಆರನೆಯದಕ್ಕೆ ಬರುವಷ್ಟರಲ್ಲಿ ಯಾವ ಪಾತ್ರ ಯಾವ ಪುಸ್ತಕದ್ದು ಎಂಬುದೇ ಕಲಸಿಹೋಯಿತು. ನಿನ್ನೆ ಕೊನೆಯ ತಟ್ಟೆ ಒರೆಸಿಡುವಾಗ ಇಡೀ ಅಧ್ಯಾಯ ಮುಗಿದಿತ್ತು, ಒಂದು ಸಾಲೂ ತಲೆಗೆ ಹೋಗಿರಲಿಲ್ಲ. ವೇಗ 1.5ಕ್ಕೆ ಏರಿಸಿ ನೋಡಿದೆ. ಮಾಹಿತಿಯ ಪುಸ್ತಕಕ್ಕೆ ಪರವಾಗಿಲ್ಲ, ಕಥೆಗೆ ಬೇಡವೇ ಬೇಡ. ಓದುವವರು ಬೇಕೆಂದೇ ಬಿಟ್ಟ ಮೌನವೂ ಓಡಿಹೋಗುತ್ತದೆ.

ಲಿಬ್ರಿವಾಕ್ಸ್ ಎಂಬ ಜಾಲತಾಣವನ್ನೂ ಪ್ರಯತ್ನಿಸಿ ನೋಡಿದೆ. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು 2005ರಿಂದ ಸ್ವಯಂಸೇವಕರು ಓದಿ ಉಚಿತವಾಗಿ ಕೊಡುತ್ತಿದ್ದಾರೆ, ದೊಡ್ಡ ಕೆಲಸ ಅದು. ಕೆಲವದರಲ್ಲಿ ಅಧ್ಯಾಯಕ್ಕೊಬ್ಬರ ದನಿ. ಸಣ್ಣಕಥೆ, ಪ್ರಬಂಧಗಳಿಗೆ ಅದು ಹಿಡಿಸಿತು. ಕಾದಂಬರಿಯಲ್ಲಿ ಮಾತ್ರ ಎಳೆ ತಪ್ಪುತ್ತದೆ.

ನಿಮ್ಮ ಅನುಭವ ಹೇಳಿ. ದೊಡ್ಡ ಕಾದಂಬರಿ ಮುಗಿದ ಕೂಡಲೇ ಏನು ಕೇಳುತ್ತೀರಿ? ಬರೆದವರೇ ಓದಿದ ಆತ್ಮಕಥೆಗಳು ಚೆನ್ನಾಗಿರುತ್ತವೆಯೇ? ಕೆಲಸದ ಹೊತ್ತಿಗೊಂದು, ಮಲಗುವಾಗ ಇನ್ನೊಂದು ಎಂದು ಎರಡನ್ನು ಒಟ್ಟಿಗೆ ನಡೆಸುವವರು ಇದ್ದೀರಾ? ಮುಖ್ಯವಾಗಿ, ದನಿ ಹಿಡಿಸದ ಪುಸ್ತಕಕ್ಕೆ ಎಷ್ಟು ಹೊತ್ತು ಅವಕಾಶ ಕೊಡುತ್ತೀರಿ? ಮಾದರಿ ತುಣುಕು ಕೇಳಿಯೇ ಆರಿಸಿದರೂ ಮೂರನೇ ಅಧ್ಯಾಯದಲ್ಲಿ ಬೇಸರ ಬರುತ್ತಿದೆ.