ಮಸಾಯಿ ಮಾರಾದ ಎರಡು ಗಂಡು ಸಿಂಹಗಳು: ಮೂರು ದಿನ ಕಂಡದ್ದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಕೋಟೆಯೂರಿನವ (ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ವಿಜ್ಞಾನ ಮೇಷ್ಟ್ರು. ಮಗ ನೈರೋಬಿಯಲ್ಲಿ ಕೆಲಸದಲ್ಲಿರುವುದರಿಂದ ಕಳೆದ ಫೆಬ್ರವರಿಯಲ್ಲಿ ಕೀನ್ಯಾದ ಮಸಾಯಿ ಮಾರಾ ವನ್ಯಧಾಮದಲ್ಲಿ ಮೂರು ದಿನ ಇರುವ ಅವಕಾಶ ಒದಗಿತು. ನಮ್ಮ ಜೋಗಿಮಟ್ಟಿ ಕಾಡಿನಲ್ಲಿ ಕರಡಿ ಕಣ್ಣಿಗೆ ಬಿದ್ದರೂ ಅದು ಅರೆಕ್ಷಣದ ನೋಟ. ಅಲ್ಲಿ ಬಯಲು ಹುಲ್ಲಿನ ನಡುವೆ ಒಂದೇ ಜೋಡಿ ಗಂಡು ಸಿಂಹಗಳನ್ನು ಗಂಟೆಗಟ್ಟಲೆ ನೋಡುತ್ತ ಕೂರುವುದು ಸಾಧ್ಯವಾಯಿತು.

ಮೊದಲನೆಯ ದಿನ ಎರಡೂ ಪೊದೆಯ ನೆರಳಿನಲ್ಲಿ ಮಲಗಿದ್ದವು. ಒಂದರ ಕೇಸರ ಕಪ್ಪು. ಇನ್ನೊಂದರದು ಒಣಹುಲ್ಲಿನ ಬಣ್ಣ, ಜೊತೆಗೆ ಮೇಲ್ದುಟಿಯಲ್ಲಿ ಹಳೆಯ ಗಾಯದ ಗುರುತು. ಮರುದಿನ ಬೆಳಗಿನ ಜಾವ ಹೊಂಬಣ್ಣದ್ದು ಒಂದೇ ನಿಂತು ಗರ್ಜಿಸುತ್ತಿತ್ತು. ಮೂರನೆಯ ದಿನ ಎರಡೂ ಒಂದು ಕಾಡೆಮ್ಮೆಯ ಕಳೇಬರದ ಬಳಿ ಇದ್ದವು, ತಲೆಗೆ ತಲೆ ಉಜ್ಜಿಕೊಂಡವು. ನಾಲ್ಕು ಸಿಂಹಿಣಿಗಳು ಮರಿಗಳೊಂದಿಗೆ ದೂರದಲ್ಲಿ ಕಾಯುತ್ತಿದ್ದವು. ಒಂದು ಸಿಂಹಿಣಿ ಹೊಂಬಣ್ಣದ ಗಂಡಿನ ಮೇಲೆ ಗುರುಗುಟ್ಟಿತು, ಆದರೆ ಒಂದು ಮರಿ ಹೋಗಿ ಕಪ್ಪು ಕೇಸರದ್ದರ ಬಾಲ ಕಚ್ಚಿದರೂ ಅದು ಸುಮ್ಮನಿತ್ತು. ಅದೇ ದಿನ ಹೊಳೆಯ ದಂಡೆಯಲ್ಲಿ ಕೇಸರ ಇನ್ನೂ ಸರಿಯಾಗಿ ಬೆಳೆಯದ ಒಂದು ಎಳೆಯ ಗಂಡು ಸದ್ದಿಲ್ಲದೆ ತಲೆ ತಗ್ಗಿಸಿ ಸರಿದುಹೋಯಿತು.

ನನ್ನ ಪ್ರಶ್ನೆಗಳು ಇವು. ಮೂರು ದಿನವೂ ನಾನು ಕಂಡದ್ದು ಅವೇ ಎರಡು ಎಂದು ಖಚಿತವಾಗಿ ಹೇಳಲು ದಾರಿ ಯಾವುದು? ಅವು ಅಣ್ಣತಮ್ಮಂದಿರೇ? ಗಂಡು ಸಿಂಹ ಬೇಟೆಯಾಡುವುದೇ ಇಲ್ಲ ಎಂದು ನಮ್ಮ ವಾಹನದ ಚಾಲಕರು ಹೇಳಿದ್ದು ನಿಜವೇ? ಆ ಎಳೆಯ ಗಂಡು ಯಾವ ಹಿಂಡಿನದು?

ಕಿಲಾರಿ ಮನೆತನ (ಚಳ್ಳಕೆರೆ)

ಮೇಷ್ಟ್ರೇ, ನಮಸ್ಕಾರ. ನಮ್ಮ ಕಡೆ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು ಮುಸ್ಸಂಜೆಯ ಧೂಳಿನಲ್ಲೂ ಪ್ರತಿಯೊಂದು ರಾಸನ್ನು ಹಣೆಯ ಸುಳಿ, ಕೊಂಬಿನ ತಿರುವು ನೋಡಿ ಗುರುತಿಸುತ್ತಾರೆ. ಸಿಂಹಗಳಲ್ಲಿ ಆ ಕೆಲಸವನ್ನು ಮಾಡಿಕೊಡುವುದು ಮೀಸೆಯ ಬುಡದ ಕಪ್ಪು ಚುಕ್ಕೆಗಳು.

ಕೆನ್ನೆಯ ಮೇಲೆ ಮೀಸೆಗಳು ಸಾಲುಸಾಲಾಗಿ ಹುಟ್ಟುತ್ತವೆ. ಪೂರ್ತಿಯಾಗಿರುವ ಮೇಲಿನ ಸಾಲನ್ನು ಆಧಾರವಾಗಿಟ್ಟುಕೊಂಡು, ಅದರ ಮೇಲ್ಗಡೆ ಬಿಡಿಬಿಡಿಯಾಗಿರುವ ಚುಕ್ಕೆಗಳು ಎಷ್ಟು, ಆ ಆಧಾರಸಾಲಿನ ಯಾವ ಚುಕ್ಕೆಯ ನೇರಕ್ಕೆ ಕೂತಿವೆ ಎಂಬುದನ್ನು ಬರೆದುಕೊಳ್ಳಬೇಕು. ಈ ವಿನ್ಯಾಸ ಜೀವನಪೂರ್ತಿ ಬದಲಾಗುವುದಿಲ್ಲ. ಎಡಗೆನ್ನೆಯದು ಬಲಗೆನ್ನೆಯದಕ್ಕಿಂತ ಬೇರೆ ಇರುತ್ತದೆ, ಆದ್ದರಿಂದ ಎರಡೂ ಬದಿಯ ಚಿತ್ರ ಬೇಕು. ಪೆನ್ನಿಕ್ವಿಕ್ ಮತ್ತು ರುಡ್ನಾಯ್ ಎಂಬಿಬ್ಬರು 1970ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಪ್ರಾಣಿವಿಜ್ಞಾನಿ ಜಾರ್ಜ್ ಶಾಲರ್ 1966ರಲ್ಲಿ ತಾಂಜಾನಿಯಾದ ಸೆರೆಂಗೆಟಿಯಲ್ಲಿ ಆರಂಭಿಸಿದ ಸಿಂಹ ಅಧ್ಯಯನ ಮುಂದೆ ದಶಕಗಟ್ಟಲೆ ನಡೆದಾಗಲೂ ಸಾವಿರಾರು ಸಿಂಹಗಳನ್ನು ಗುರುತಿಸಲು ಈ ಚುಕ್ಕೆಗಳೇ ನೆರವಾದವು.

ಕೇಸರದ ಬಣ್ಣವನ್ನು ಮಾತ್ರ ನಂಬಿಕೊಳ್ಳಬೇಡಿ. ವಯಸ್ಸಿನೊಂದಿಗೆ ಅದು ಕಪ್ಪಾಗುತ್ತದೆ, ಗಾಯವಾದರೆ ಉದುರುತ್ತದೆ. ಕಿವಿಯ ಹರಕು, ತುಟಿಯ ಗಾಯ ಪೂರಕ ಗುರುತುಗಳಷ್ಟೆ. ಮೂಗನ್ನೂ ಗಮನಿಸಿ: ಎಳೆಯ ಸಿಂಹಕ್ಕೆ ಗುಲಾಬಿ ಮೂಗು, ಐದಾರು ವರ್ಷ ದಾಟುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಭಾಗ ಕಪ್ಪಾಗಿರುತ್ತದೆ. ನಿಮ್ಮ ಚಿತ್ರಗಳನ್ನು ಹಿಗ್ಗಿಸಿ ನೋಡಿದರೆ ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಕೈಯಲ್ಲೇ ಇದೆ.

ಬೆಣ್ಣೆನಗರಿ (ದಾವಣಗೆರೆ)

ನಾನು ತಾಂಜಾನಿಯಾದಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವನು. ರಜೆ ಸಿಕ್ಕಾಗಲೆಲ್ಲ ಸೆರೆಂಗೆಟಿಗೆ ಹೋಗುತ್ತಿದ್ದೆ. ಉಳಿದ ಪ್ರಶ್ನೆಗಳಿಗೆ ನನಗೆ ತಿಳಿದಷ್ಟು ಬರೆಯುತ್ತೇನೆ.

ಅಣ್ಣತಮ್ಮಂದಿರೇ ಎಂಬುದನ್ನು ನೋಟದಿಂದ ಹೇಳಲಾಗದು. ಗಂಡುಗಳು ಎರಡು ಮೂರು ವರ್ಷದವಾದಾಗ ಹುಟ್ಟಿದ ಹಿಂಡಿನಿಂದ ಹೊರಬಿದ್ದು ಕೂಟ ಕಟ್ಟಿಕೊಳ್ಳುತ್ತವೆ. ಸಿಂಹ ಸಂಶೋಧಕ ಕ್ರೇಗ್ ಪ್ಯಾಕರ್ ಮತ್ತು ಸಂಗಡಿಗರು ಸೆರೆಂಗೆಟಿಯಲ್ಲಿ ವಂಶವಾಹಿ ಪರೀಕ್ಷೆಯಿಂದ ಕಂಡುಕೊಂಡಂತೆ, ನಾಲ್ಕು ಅಥವಾ ಹೆಚ್ಚು ಗಂಡುಗಳ ದೊಡ್ಡ ಕೂಟಗಳು ಒಂದೇ ಹಿಂಡಿನಲ್ಲಿ ಬೆಳೆದ ಸಹೋದರರು ಮತ್ತು ದಾಯಾದಿಗಳದ್ದು. ಎರಡು ಮೂರು ಗಂಡುಗಳ ಕೂಟದಲ್ಲಿ ಮಾತ್ರ ರಕ್ತಸಂಬಂಧವೇ ಇಲ್ಲದ ಜೊತೆಗಾರರು ಸಾಮಾನ್ಯ. ದೊಡ್ಡ ಕೂಟದಲ್ಲಿ ಎಲ್ಲರಿಗೂ ಮರಿಗಳಾಗುವ ಅವಕಾಶ ಸಿಗುವುದಿಲ್ಲ, ಹಾಗಿದ್ದೂ ತನ್ನ ರಕ್ತದ ಮರಿಗಳು ಉಳಿಯುತ್ತವೆಂಬುದೇ ಅಲ್ಲಿ ಲಾಭ. ಹಾಗಾಗಿ ನೀವು ಕಂಡ ತಲೆಯುಜ್ಜುವಿಕೆ ಜೊತೆಗಾರಿಕೆಯನ್ನು ತೋರಿಸುತ್ತದೆ, ರಕ್ತಸಂಬಂಧವನ್ನಲ್ಲ.

ಬೇಟೆಯ ವಿಷಯದಲ್ಲಿ ಚಾಲಕರ ಮಾತು ಪೂರ್ತಿ ಸರಿಯಲ್ಲ. ಸಿಂಹಿಣಿಗಳು ಬಯಲಿನಲ್ಲಿ ಒಟ್ಟಾಗಿ ಬೇಟೆಯಾಡುವುದು ನಮಗೆ ಕಾಣುತ್ತದೆ. ಗಂಡುಗಳ ಬೇಟೆ ಕಾಣುವುದಿಲ್ಲ. ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನದಲ್ಲಿ ವಿಮಾನದ ಲೇಸರ್ ಕಿರಣಗಳಿಂದ ಗಿಡಗಂಟಿಗಳ ದಟ್ಟಣೆಯನ್ನು ಅಳೆದು, ಇರುವ ಜಾಗವನ್ನು ತಿಳಿಸುವ ಕೊರಳಪಟ್ಟಿ ಹಾಕಿದ ಸಿಂಹಗಳ ಓಡಾಟದೊಂದಿಗೆ ಹೋಲಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಗಂಡುಗಳು ರಾತ್ರಿಯ ಹೊತ್ತು ದಟ್ಟ ಪೊದೆಗಳಲ್ಲಿ ಹೊಂಚಿ ಕೂತು ಎರಗುತ್ತವೆ ಎಂದು ಅದು ತೋರಿಸಿತು. ಕಾಡೆಮ್ಮೆಯಂತಹ ಭಾರೀ ಪ್ರಾಣಿಯನ್ನು ಕೆಡವುವಲ್ಲಿ ಗಂಡಿನ ತೂಕ ಬಹಳ ನೆರವಾಗುತ್ತದೆ. ನೀವು ಕಂಡ ಎಮ್ಮೆಯನ್ನು ಅವೇ ಹೊಡೆದಿರಬಹುದು, ಸಿಂಹಿಣಿಗಳಿಂದ ಕಿತ್ತುಕೊಂಡಿರಲೂಬಹುದು. ಕಳೇಬರ ಮಾತ್ರ ನೋಡಿ ತೀರ್ಮಾನಿಸುವುದು ಸಾಧ್ಯವಿಲ್ಲ.

ಆ ಮರಿ ಬಾಲ ಕಚ್ಚಿದ್ದೇ ನನಗೆ ನಿಮ್ಮ ಬರಹದ ಅತಿ ಮುಖ್ಯ ಸಂಗತಿಯಾಗಿ ಕಂಡಿತು. ಹೊಸ ಗಂಡುಗಳು ಹಿಂಡನ್ನು ವಶಪಡಿಸಿಕೊಂಡಾಗ ಹಳೆಯ ಗಂಡುಗಳ ಸಣ್ಣ ಮರಿಗಳನ್ನು ಕೊಲ್ಲುತ್ತವೆ. ಮರಿ ಕಳೆದುಕೊಂಡ ಸಿಂಹಿಣಿ ಬೇಗನೆ ಮತ್ತೆ ಬೆದೆಗೆ ಬರುತ್ತದೆ, ಇಲ್ಲವಾದರೆ ಹೊಸ ಗಂಡು ಒಂದೂವರೆ ಎರಡು ವರ್ಷ ಕಾಯಬೇಕು. ಒಂದು ಕೂಟದ ಆಳ್ವಿಕೆ ಸಾಮಾನ್ಯವಾಗಿ ಎರಡು ಮೂರು ವರ್ಷದ್ದಾದ್ದರಿಂದ ಕಾಯಲು ಅವಕ್ಕೆ ಸಮಯವಿಲ್ಲ. ಇವು ಹೊಸಬರಾಗಿದ್ದರೆ ತಾಯಂದಿರು ಮರಿಗಳನ್ನು ಹತ್ತಿರಕ್ಕೆ ಬಿಡುತ್ತಲೇ ಇರಲಿಲ್ಲ. ಎಂದರೆ ಆ ಮರಿಗಳು ಈ ಜೋಡಿಯವೇ ಆಗಿರಬೇಕು. ಗುರುಗುಟ್ಟಿದ್ದು ಊಟದ ಬಳಿಯ ಮಾಮೂಲಿ ಜಗಳ.

ಹೊಳೆಯ ದಂಡೆಯ ಎಳೆಯ ಗಂಡು ಬಹುಶಃ ಅಲೆಮಾರಿ. ಅದು ಸದ್ದಿಲ್ಲದೆ ಸರಿದದ್ದಕ್ಕೂ ನಿಮ್ಮ ಹೊಂಬಣ್ಣದ ಸಿಂಹ ಗರ್ಜಿಸಿದ್ದಕ್ಕೂ ನಂಟಿದೆ. ನಿಶ್ಚಲ ರಾತ್ರಿಯಲ್ಲಿ ಗರ್ಜನೆ ಎಂಟು ಕಿಲೋಮೀಟರ್ ದೂರಕ್ಕೆ ಕೇಳಿಸುತ್ತದೆ. ನೆಲದ ಒಡೆತನವಿರುವ ಗಂಡು ಗರ್ಜಿಸುತ್ತದೆ, ಇಲ್ಲದ ಗಂಡು ಬಾಯಿ ಬಿಡುವುದಿಲ್ಲ.

ಕೊಂಡುಕುರಿ (ಜಗಳೂರು)

ಮೇಲಿನವರು ವಿವರವಾಗಿ ಬರೆದಿದ್ದಾರೆ. ಕೇಸರದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಪೇಟನ್ ವೆಸ್ಟ್ ಮತ್ತು ಪ್ಯಾಕರ್ ಸೆರೆಂಗೆಟಿಯಲ್ಲಿ ಬೇರೆ ಬೇರೆ ಕೇಸರ ತೊಡಿಸಿದ ಬೊಂಬೆ ಸಿಂಹಗಳನ್ನು ನಿಲ್ಲಿಸಿ ಪರೀಕ್ಷಿಸಿದರು, ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಸಿಂಹಿಣಿಗಳು ಕಪ್ಪು ಕೇಸರದ ಬೊಂಬೆಯತ್ತ ಒಲಿದವು. ಗಂಡುಗಳು ಉದ್ದ ಕೇಸರದ ಬೊಂಬೆಯ ಬಳಿ ಹೋಗಲು ಹಿಂಜರಿದವು. ಕಪ್ಪು ಕೇಸರ ಮೈಯ ಬಿಸಿಯನ್ನು ಹೆಚ್ಚಿಸುತ್ತದೆಂದೂ ಅವರು ಅಳೆದು ತೋರಿಸಿದರು. ನಿಮ್ಮ ಕಪ್ಪು ಕೇಸರದ ಸಿಂಹ ಮೊದಲ ದಿನ ನೆರಳು ಬಿಟ್ಟು ಅಲುಗದಿದ್ದುದಕ್ಕೆ ಇದೂ ಒಂದು ಕಾರಣವಿರಬಹುದು, ಆದರೆ ಸಿಂಹಗಳು ದಿನಕ್ಕೆ ಹದಿನಾರರಿಂದ ಇಪ್ಪತ್ತು ಗಂಟೆ ವಿಶ್ರಮಿಸುತ್ತವೆಂಬುದನ್ನೂ ಮರೆಯಬಾರದು.

ಇನ್ನೊಂದು ವಿಷಯವನ್ನು ಕಳಕಳಿಯಿಂದ ಹೇಳುತ್ತೇನೆ. ಚಾಲಕರಿಗೆ ಹೆಚ್ಚು ಹಣ ಕೊಟ್ಟು ಇನ್ನೂ ಹತ್ತಿರ ಹೋಗುವಂತೆ ಒತ್ತಾಯಿಸುವ ನಮ್ಮವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಪ್ರಾಣಿಯ ಸುತ್ತ ಐದಕ್ಕಿಂತ ಹೆಚ್ಚು ವಾಹನ ಸೇರಬಾರದು, ಇಪ್ಪತ್ತೈದು ಮೀಟರ್ ಅಂತರ ಇರಬೇಕು ಎಂಬುದು ಮಾರಾದ ನಿಯಮ. ನಮ್ಮ ರಂಗಯ್ಯನದುರ್ಗದ ಅಭಯಾರಣ್ಯದಲ್ಲಿ ಕೊಂಡುಕುರಿಗಾಗಿ (ನಾಲ್ಕು ಕೊಂಬಿನ ಜಿಂಕೆಯಂಥ ಪ್ರಾಣಿ) ಕಾಯುವಾಗ ನಾನು ಕಲಿತದ್ದನ್ನೇ ಅಲ್ಲಿಯೂ ಪಾಲಿಸಿದೆ: ಎಂಜಿನ್ ನಿಲ್ಲಿಸಿ, ದುರ್ಬೀನು ಹಿಡಿದು, ಒಂದೇ ಕಡೆ ಎರಡು ಗಂಟೆ ಕೂತೆ.

ಕೀನ್ಯಾಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲೇ ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳಿ. ಅದಿಲ್ಲದಿದ್ದರೆ ಮರಳಿ ಬಂದಾಗ ವಿಮಾನ ನಿಲ್ದಾಣದಲ್ಲಿ ತೊಂದರೆ.

ಕೋಟೆಯೂರಿನವ (ಚಿತ್ರದುರ್ಗ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಚಿತ್ರಗಳನ್ನು ಹಿಗ್ಗಿಸಿ ಚುಕ್ಕೆಗಳನ್ನು ಹಾಳೆಯ ಮೇಲೆ ಬರೆದುಕೊಂಡೆ. ಹೊಂಬಣ್ಣದ್ದರ ಎಡಗೆನ್ನೆಯಲ್ಲಿ ಮೇಲಿನ ಬಿಡಿ ಚುಕ್ಕೆಗಳು ಮೂರು. ಮೂರೂ ದಿನದ ಚಿತ್ರಗಳಲ್ಲಿ ಅವು ಅದೇ ಜಾಗದಲ್ಲಿವೆ, ಆದ್ದರಿಂದ ಅದು ಒಂದೇ ಸಿಂಹ. ಕಪ್ಪು ಕೇಸರದ್ದರಲ್ಲಿ ಮೊದಲ ದಿನ ಬಲಗೆನ್ನೆ ಮಾತ್ರ, ಮೂರನೆಯ ದಿನ ಎಡಗೆನ್ನೆ ಮಾತ್ರ ಸಿಕ್ಕಿರುವುದರಿಂದ ಹೋಲಿಸಲಾಗಲಿಲ್ಲ. ಅದರ ಮೂಗು ಬಹುತೇಕ ಕಪ್ಪು. ಮಗ ಜುಲೈನಲ್ಲಿ ಮತ್ತೆ ಅಲ್ಲಿಗೆ ಹೋಗುವವನಿದ್ದಾನೆ. ಎರಡೂ ಕೆನ್ನೆಯ ಚಿತ್ರ ತೆಗೆಯಲು ಹೇಳಿದ್ದೇನೆ.